ಸ್ವರವನ್ನು ಹಿಡಿದಿಡುವ ಯಂತ್ರ



ದಾವಣಗೆರೆಯ ಮಂಡಿಪೇಟೆಯ ವ್ಯವಹಾರ ಬಲ್ಲವರಿಗೆ ಇಂದಿನ ವಿಷಯ ಅರ್ಧ ಗೊತ್ತಿದ್ದಂತೆಯೇ. ಮೆಕ್ಕೆಜೋಳದ ಧಾರಣೆ ಏರುತ್ತದೆ, ಇಳಿಯುತ್ತದೆ. ಆದರೆ ಗುಮಾಸ್ತ ಹಲಗೆಯ ಮೇಲೆ ಬರೆದ ಅಂಕಿ, ಅದನ್ನು ಒರೆಸಿ ಮತ್ತೊಂದು ಬರೆಯುವ ತನಕ ಅಲ್ಲಾಡುವುದಿಲ್ಲ. ಸಿಂಥಸೈಸರ್ ಎಂಬ ವಿದ್ಯುತ್ ವಾದ್ಯದಲ್ಲಿ ಈ ಗುಮಾಸ್ತಿಕೆ ಮಾಡುವ ಪುಟ್ಟ ಭಾಗವೊಂದಿದೆ. ಅದರ ಹೆಸರು ಸ್ಯಾಂಪಲ್ ಅಂಡ್ ಹೋಲ್ಡ್.

ಅದರ ಒಳಗಿರುವ ಮುಖ್ಯ ಸಾಮಾನು ಎರಡೇ: ಒಂದು ಸ್ವಿಚ್ಚು, ವಿದ್ಯುತ್ತನ್ನು ಕೂಡಿಡುವ ಒಂದು ಕೆಪಾಸಿಟರ್. ಹೊರಗಿನಿಂದ ಒಂದು ವಿದ್ಯುತ್ ಮಿಡಿತ ಬಂದಾಗ ಸ್ವಿಚ್ಚು ಕ್ಷಣಕಾಲ ಕೂಡಿಕೊಳ್ಳುತ್ತದೆ. ಆಗ ಒಳಬರುತ್ತಿರುವ ವೋಲ್ಟೇಜ್ ಎಷ್ಟಿದೆಯೋ ಅಷ್ಟು ಕೆಪಾಸಿಟರಿನಲ್ಲಿ ತುಂಬುತ್ತದೆ. ಸ್ವಿಚ್ಚು ಬಿಟ್ಟುಕೊಂಡ ಮೇಲೆ ಮುಂದಿನ ಮಿಡಿತದವರೆಗೂ ಹೊರಗೆ ಸಿಗುವುದು ಅದೇ ವೋಲ್ಟೇಜ್.

ಇದು ಸಂಗೀತಕ್ಕೆಂದು ಹುಟ್ಟಿದ್ದಲ್ಲ. 1937ರಲ್ಲಿ ಪ್ಯಾರಿಸ್ಸಿನಲ್ಲಿ ಕೆಲಸ ಮಾಡುತ್ತಿದ್ದ ಇಂಗ್ಲಿಷ್ ಎಂಜಿನಿಯರ್ ಅಲೆಕ್ ರೀವ್ಸ್, ಮಾತನ್ನು ಅಂಕಿಗಳಾಗಿ ಕಳಿಸಬಹುದೆಂದು ಕಂಡುಕೊಂಡರು. 1962ರಲ್ಲಿ ಅಮೆರಿಕದ ಬೆಲ್ ದೂರವಾಣಿ ಜಾಲ ಈ ವಿಧಾನವನ್ನು ಬಳಕೆಗೆ ತಂದಿತು. ಸೆಕೆಂಡಿಗೆ 8000 ಸಲ ದನಿಯನ್ನು ಅಳೆಯಬೇಕು. ಅಳೆಯುವಷ್ಟು ಹೊತ್ತು ಅದು ಓಡದೆ ನಿಲ್ಲಬೇಕಲ್ಲ? ಹಿಡಿದಿಡುವ ಸರ್ಕ್ಯೂಟು ಬೇಕಾದದ್ದು ಅಲ್ಲಿ. ಮುಂದೆ 1982ರಲ್ಲಿ ಬಂದ ಸಿ.ಡಿ.ಗೆ ಸೆಕೆಂಡಿಗೆ 44,100 ಅಳತೆಗಳು ನಿಗದಿಯಾದವು.

ಸಂಗೀತಗಾರರು ಇದೇ ಸರ್ಕ್ಯೂಟನ್ನು ನಿಧಾನಗೊಳಿಸಿದರು. ಸೆಕೆಂಡಿಗೆ ಸಾವಿರಾರು ಸಲವಲ್ಲ, ನಾಲ್ಕೈದು ಸಲ. 1960ರ ದಶಕದಲ್ಲಿ ರಾಬರ್ಟ್ ಮೂಗ್ ಮತ್ತು ಡಾನ್ ಬುಕ್ಲಾ, ಬಿಡಿ ಭಾಗಗಳನ್ನು ತಂತಿಯಿಂದ ಜೋಡಿಸಿ ನುಡಿಸುವ ಮಾಡ್ಯುಲರ್ ಸಿಂಥಸೈಸರುಗಳನ್ನು ಕಟ್ಟಿದ್ದರು. ಮೂಗ್ ಪದ್ಧತಿಯಲ್ಲಿ ಒಂದು ವೋಲ್ಟ್ ಹೆಚ್ಚಿದರೆ ಸ್ವರ ಒಂದು ಸಪ್ತಕ ಮೇಲೇರುತ್ತದೆ. ಇಂಥ ವಾದ್ಯದಲ್ಲಿ ರೇಡಿಯೋ ಸ್ಟೇಷನ್ ಸಿಗದಾಗ ಕೇಳುವ ಆ ಬುಸುಗುಡುವ ಗದ್ದಲವನ್ನೇ ಸ್ಯಾಂಪಲ್ ಅಂಡ್ ಹೋಲ್ಡಿಗೆ ಊಡಿದರೆ, ಮಿಡಿತಕ್ಕೊಂದರಂತೆ ಯಾರೂ ಊಹಿಸಲಾಗದ ಸ್ವರ ಹೊರಬೀಳುತ್ತದೆ. ಬುಕ್ಲಾ ಅವರಂತೂ ಅನಿಶ್ಚಿತತೆಗೇ ಮೀಸಲಾದ ಒಂದು ಮಾಡ್ಯೂಲ್ ತಯಾರಿಸಿದರು.

1971ರ ಎ.ಆರ್.ಪಿ. 2600 ವಾದ್ಯದಲ್ಲಿ ಈ ಭಾಗ ಒಡಲಲ್ಲೇ ಸೇರಿಕೊಂಡು ಬಂತು. ಇಲ್ಲಿ ಇನ್ನೊಂದು ಪ್ರಯೋಗವೂ ನಡೆಯಿತು. ಗದ್ದಲದ ಬದಲು ನಿಧಾನವಾಗಿ ಏರುವ ಅಲೆಯನ್ನು ಊಡಿದರೆ ಸ್ವರಗಳು ಮೆಟ್ಟಿಲು ಮೆಟ್ಟಿಲಾಗಿ ಆರೋಹಣ ಮಾಡುತ್ತವೆ. ಅಲೆಯ ವೇಗಕ್ಕೂ ಮಿಡಿತದ ವೇಗಕ್ಕೂ ತುಸು ಹೊಂದಿಕೆ ತಪ್ಪಿಸಿದರೆ ಆ ಆರೋಹಣ ಪ್ರತಿ ಸುತ್ತಿನಲ್ಲೂ ಕೊಂಚ ಬದಲಾಗುತ್ತದೆ.

ನಮ್ಮ ದೇಶಕ್ಕೂ ಇಂಥ ವಾದ್ಯ ಬೇಗನೆ ಬಂತು. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಮೂಗ್ ಸಿಂಥಸೈಸರ್ ಸ್ಥಾಪಿಸಿದರು. ಅದರ ಹಿಂದಿದ್ದವರು ಸಂಗೀತಗಾರ್ತಿ ಗೀತಾ ಸಾರಾಭಾಯಿ. ಆ ಸ್ಟುಡಿಯೋ ಕೆಲವೇ ವರ್ಷ ನಡೆದು ನಿಂತಿತು.

ಬೆಂಗಳೂರಿನಲ್ಲಿ ವಿದ್ಯುತ್ ವಾದ್ಯದಿಂದ ಬಯಸಿದ್ದೇ ಬೇರೆ. ಎಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿ 1979ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯಲ್ಲಿ ಪ್ರದರ್ಶನಗೊಂಡಿತು. ಅವರಿಗೆ ಬೇಕಿದ್ದುದು ಕದಲದ ಶ್ರುತಿ. ಆಕಸ್ಮಿಕವಾಗಿ ಜಿಗಿಯುವ ಸ್ವರ ಯಾವ ಗಾಯಕನಿಗೆ ಬೇಕು?

ಜಿಗಿಯುವ ಸ್ವರದ ಮೇಲೆ ನಮ್ಮವರ ಅನುಮಾನ ಹಳೆಯದು. ಸ್ವರದಿಂದ ಸ್ವರಕ್ಕೆ ಜಾರಲಾರದ, ಗಮಕಕ್ಕೆ ಒಗ್ಗದ ವಾದ್ಯವೆಂಬ ಆಕ್ಷೇಪದ ಮೇಲೆ 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು; ನಿಷೇಧ ಸಡಿಲಗೊಂಡದ್ದು 1971ರಲ್ಲಿ. ಅಷ್ಟೂ ಕಾಲ ದಾವಣಗೆರೆಯ ಕೆ.ಬಿ.ಆರ್. ಡ್ರಾಮಾ ಕಂಪನಿಯಂಥ ವೃತ್ತಿ ನಾಟಕ ಮಂಡಳಿಗಳ ರಂಗಸಂಗೀತ ನಡೆದದ್ದು ಹಾರ್ಮೋನಿಯಂ ಮಾಸ್ತರರ ಬಲದಿಂದಲೇ.

ಸ್ಯಾಂಪಲ್ ಅಂಡ್ ಹೋಲ್ಡ್ ಕೂಡ ಹಾರ್ಮೋನಿಯಂನಂತೆ ಮೆಟ್ಟಿಲಿನದೇ ಜಾತಿ. ಆದರೆ ಅದಕ್ಕೊಂದು ಪರಿಹಾರವುಂಟು. ಅದರ ಮುಂದೆ ಸ್ಲ್ಯೂ ಲಿಮಿಟರ್ ಎಂಬ ಇನ್ನೊಂದು ಭಾಗ ಜೋಡಿಸಿದರೆ ವೋಲ್ಟೇಜ್ ಜಿಗಿಯದೆ ಜಾರುತ್ತದೆ. ಸ್ವರವೂ ಜಾರುತ್ತದೆ. ಇದು ಗಮಕವೇ ಎಂದು ಕೇಳಿದರೆ, ಅಲ್ಲ. ಎಲ್ಲಿ ಜಾರಬೇಕು, ಎಲ್ಲಿ ನಿಲ್ಲಬೇಕು ಎಂಬುದು ರಾಗ ಬಲ್ಲವರಿಗೆ ಗೊತ್ತು. ಈ ಯಂತ್ರ ಎಲ್ಲ ಕಡೆಯೂ ಒಂದೇ ಬಗೆಯಲ್ಲಿ ಜಾರುತ್ತದೆ.

1990ರ ದಶಕದ ನಡುವೆ ಜರ್ಮನಿಯ ಡೀಟರ್ ಡೋಪ್ಫರ್ ಎ-100 ಎಂಬ ಪುಟ್ಟ ಅಳತೆಯ ಮಾಡ್ಯುಲರ್ ಪದ್ಧತಿ ತಂದರು. ಯೂರೋರ್‍ಯಾಕ್ ಎಂದು ಹೆಸರಾದದ್ದು ಅದೇ. 2017ರಲ್ಲಿ ಬಂದ ವಿ.ಸಿ.ವಿ. ರ್‍ಯಾಕ್ ತಂತ್ರಾಂಶ ಉಚಿತ. ಕಂಪ್ಯೂಟರ್ ಇದ್ದರೆ ಹರಿಹರದ ಕಾಲೇಜು ಹುಡುಗಿಯೂ ಈ ತಂತಿ ಜೋಡಿಸಿ ನೋಡಬಹುದು. ಗದ್ದಲವನ್ನು ಒಳಗೆ ಕೊಡಿ, ಮಿಡಿತ ಕೊಡಿ, ಹೊರಬಂದ ವೋಲ್ಟೇಜನ್ನು, ಅದನ್ನು ಗೊತ್ತಾದ ಸ್ವರಕ್ಕೆ ಕೂರಿಸುವ ಕ್ವಾಂಟೈಜರಿಗೆ ಹಾಯಿಸಿ. ಭೂಪ್ ರಾಗದ ಸ ರಿ ಗ ಪ ಧ ಎಂಬ ಐದು ಸ್ವರಗಳನ್ನಷ್ಟೇ ಅದರಲ್ಲಿ ಗೊತ್ತುಮಾಡಿದರೆ ಬೇರೆ ಸ್ವರ ಹೊರಗೆ ಬರುವುದೇ ಇಲ್ಲ. ನಿಜವಾದ ಯಂತ್ರ ಕೊಂಡವರು ಒಂದು ಗಮನಿಸಬೇಕು: ಮಿಡಿತಗಳ ನಡುವೆ ಬಹಳ ಹೊತ್ತು ಬಿಟ್ಟರೆ ಕೆಪಾಸಿಟರಿನ ವಿದ್ಯುತ್ತು ಸೋರಿ, ನಿಂತ ಸ್ವರ ಮೆಲ್ಲಗೆ ಶ್ರುತಿ ತಪ್ಪಬಹುದು.

ಐದು ಸ್ವರ ಬಂದ ಮಾತ್ರಕ್ಕೆ ಭೂಪ್ ಆಗುವುದಿಲ್ಲ, ಸರಿ. ಆದರೆ ಲಯ ಎಷ್ಟಿರಬೇಕು, ಯಾವ ಸ್ವರಗಳು ಬೇಕು, ಎಷ್ಟು ಜಾರಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನೆಲ್ಲ ನುಡಿಸುವವರೇ ತೀರ್ಮಾನಿಸಬೇಕು. ಅಷ್ಟಾದ ಮೇಲೆ ಉಳಿಯುವ ಒಂದೇ ಒಂದು ಆಯ್ಕೆಯನ್ನು ಯಂತ್ರಕ್ಕೆ ಬಿಟ್ಟುಕೊಡುತ್ತೇವೆ. ಹೊಣೆ ಮಾತ್ರ ನಮ್ಮದೇ.