ಕಲ್ಲಿನ ಹುಟ್ಟು, ಕಟ್ಟೆಯ ನಕ್ಷೆ
ಲಾವಾ ನೆಲದ ವೀಕ್ಷಣಾ ತಾಣಗಳನ್ನು ಕುರಿತ ದತ್ತಿ ಉಪನ್ಯಾಸ, ಗೆಜ್ಜಲಗೆರೆ



ಯಾವುದೇ ಪ್ರವಾಸಿ ತಾಣದ ಅಭಿವೃದ್ಧಿಯ ಮಾತು ಬಂದರೂ ನಮ್ಮಲ್ಲಿ ಮೊದಲು ಏಳುವುದು ವೀಕ್ಷಣಾ ಗೋಪುರ. ಅದು ಪ್ರಕೃತಿಗೆ ಹೊಂದಿಕೊಳ್ಳಲಿ ಎಂದು ಸಿಮೆಂಟಿನ ಕಂಬಕ್ಕೆ ಮರದ ತೊಗಟೆಯ ರೂಪ ಕೊಡುತ್ತೇವೆ, ಗೋಡೆಗೆ ಬಂಡೆಯ ಬಣ್ಣ ಬಳಿಯುತ್ತೇವೆ. ಹೊಂದಿಕೆ ಹಾಗೆ ಬರುವುದಿಲ್ಲ ಎಂಬುದು ಈ ಉಪನ್ಯಾಸದ ವಾದ. ಕಲ್ಲು ಹೇಗೆ ಹುಟ್ಟಿತು, ಎಷ್ಟು ದೂರದಿಂದ ಮತ್ತು ಯಾವ ಎತ್ತರದಿಂದ ನೋಡಿದರೆ ಆ ಹುಟ್ಟು ಕಣ್ಣಿಗೆ ತಿಳಿಯುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆಯೇ ನಕ್ಷೆಗೆ ಗೆರೆ ಎಳೆಯಬೇಕು. ಜ್ವಾಲಾಮುಖಿಯಿಂದ ಬಂದ ನೆಲದಲ್ಲಿ ಈ ನಿಯಮ ಇನ್ನಷ್ಟು ಬಿಗಿಯಾಗಬೇಕು, ಏಕೆಂದರೆ ಅಲ್ಲಿ ನೋಡಲು ಹೋಗುವುದೇ ಕಲ್ಲನ್ನು.

ಕರ್ನಾಟಕದಲ್ಲಿ ಇದಕ್ಕೆ ಗಟ್ಟಿ ನಿದರ್ಶನ ಉಡುಪಿಯ ಮಲ್ಪೆಗೆ ಎದುರಾಗಿ ಅರಬ್ಬಿ ಸಮುದ್ರದಲ್ಲಿರುವ ಸೇಂಟ್ ಮೇರೀಸ್ ದ್ವೀಪಗಳು. ಸುಮಾರು 8.5ರಿಂದ 9 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಇಲ್ಲಿ ಲಾವಾ ಹರಿಯಿತು. ದಖ್ಖನ್ನಿನ ಕಪ್ಪುಕಲ್ಲಿನ ಲಾವಾ ಇದಕ್ಕಿಂತ ಕಿರಿಯದು, ಸುಮಾರು 6.6 ಕೋಟಿ ವರ್ಷದ್ದು. ದ್ವೀಪದ ಕಲ್ಲನ್ನು ಬಸಾಲ್ಟ್ ಎಂದು ಕರೆಯುವುದು ರೂಢಿ. ರಾಸಾಯನಿಕವಾಗಿ ಅದು ಸಿಲಿಕಾ ಹೆಚ್ಚಿರುವ ಡೇಸೈಟ್, ರಯೋಲೈಟ್ ಜಾತಿಗೆ ಸೇರಿದ್ದು. ನೀರು ಬತ್ತಿದ ಕೆರೆಯಂಗಳದ ಕೆಸರು ಒಣಗಿ ಬಿರಿಯುವಂತೆ, ತಣಿಯುತ್ತಾ ಕುಗ್ಗಿದ ಲಾವಾ ಬಿರಿಯಿತು. ತಣಿದ ಮೇಲ್ಮೈಗೆ ಲಂಬವಾಗಿ ಆ ಬಿರುಕುಗಳು ಒಳಗಿಳಿದು ಐದು, ಆರು, ಏಳು ಮುಖಗಳ ಕಂಬಗಳನ್ನು ಬಿಡಿಸಿದವು. ಹೀಗಾಗಿ ಇಲ್ಲಿನ ಪ್ರತಿ ಕಂಬದ ಸುತ್ತಲೂ ಹುಟ್ಟಿನಿಂದಲೇ ಬಂದ ಬಿರುಕುಗಳಿವೆ. ಈ ತಾಣವನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ.

ಈ ಹುಟ್ಟೇ ಇಲ್ಲಿ ಏನು ಕಟ್ಟಬಹುದು ಎಂಬುದನ್ನು ನಿರ್ಧರಿಸುತ್ತದೆ. ಕಂಬದ ನೆತ್ತಿಯಲ್ಲಿ ತೂತು ಕೊರೆದು, ಬೋಲ್ಟ್ ಹಾಕಿ ಉಕ್ಕಿನ ಕಾಲು ನಿಲ್ಲಿಸಿದರೆ ಜನರ ಭಾರವೂ ಕಡಲ ಗಾಳಿಯ ಎಳೆತವೂ ಆ ಒಂದು ಕಂಬದ ಮೇಲೆ ಬೀಳುತ್ತವೆ. ಕೊರೆದ ತೂತಿನೊಳಗೆ ಉಪ್ಪುನೀರು ಇಳಿಯುತ್ತದೆ. ತುಕ್ಕು ಹಿಡಿದ ಉಕ್ಕು ಉಬ್ಬಿ ಕಲ್ಲನ್ನು ಸೀಳುತ್ತದೆ. ಆದ್ದರಿಂದ ವೀಕ್ಷಣಾ ಕಟ್ಟೆಯ ಬುನಾದಿ ಕಂಬಗಳಿಂದ ಆಚೆ, ತೆಂಗಿನ ಮರಗಳಿರುವ ಮರಳಿನ ಭಾಗದಲ್ಲಿರಬೇಕು. ಎತ್ತರದ ಲೆಕ್ಕವೂ ಸರಳ. ದ್ವೀಪ ಸಮುದ್ರಮಟ್ಟದಿಂದ ಏಳುವುದೇ ಸುಮಾರು 10 ಮೀಟರ್. ಅದರ ಮೇಲೆ ಮೂರು ಅಂತಸ್ತಿನ ಗೋಪುರ ನಿಂತರೆ ಮಲ್ಪೆಯಿಂದ ಬರುವ ದೋಣಿಗೆ ಮೊದಲು ಕಾಣುವುದು ಗೋಪುರ, ಆಮೇಲೆ ದ್ವೀಪ. ಕಂಬದ ಮೈಯನ್ನು ಪಕ್ಕದಿಂದ, ನೆತ್ತಿಯ ಬಹುಭುಜಗಳನ್ನು ತುಸು ಮೇಲಿನಿಂದ ನೋಡಿದರೆ ಸಾಕು. ಆಳೆತ್ತರವನ್ನು ಮೀರದ, ತೆಂಗಿನ ತೋಪಿನ ನೆರಳಲ್ಲೇ ಉಳಿಯುವ ಕಟ್ಟೆ ಇವೆರಡನ್ನೂ ತೋರಿಸುತ್ತದೆ. ಕಟ್ಟೆ ಮರದ್ದಾಗಿರಲಿ; ಬಣ್ಣ ಬಳಿಯದ ಮರ ಬಿಸಿಲಿಗೂ ಕಡಲ ಗಾಳಿಗೂ ತಾನೇ ಬೂದುಬಣ್ಣಕ್ಕೆ ತಿರುಗುತ್ತದೆ. ಮಳೆಗಾಲದಲ್ಲಿ ಇಲ್ಲಿಗೆ ದೋಣಿಸಂಚಾರ ನಿಲ್ಲುತ್ತದೆ; ಆ ಹೊತ್ತಿಗೆ ಹಲಗೆಗಳನ್ನು ಬಿಚ್ಚಿಡಲು ಬರುವಂತಿದ್ದರೆ ದುರಸ್ತಿಯೂ ಸುಲಭ.

ಬೇರೆ ಲಾವಾ ಬೇರೆ ಕಟ್ಟೆಯನ್ನು ಕೇಳುತ್ತದೆ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ಲಾವಾ ನೀರಿನಡಿ ಉಕ್ಕಿ, ಥಟ್ಟನೆ ತಣಿದು, ದಿಂಬಿನಾಕಾರದ ಉಂಡೆಗಳಾಗಿ ಒಂದರ ಮೇಲೊಂದು ಕೂತದ್ದು. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ದಿಂಬುಗಳ ಅಂಚು ಕಾಣಬೇಕಾದರೆ ಬಾಗಿ, ಕೈಯಳತೆಯಲ್ಲಿ ನೋಡಬೇಕು. ಅಲ್ಲಿ ಎತ್ತರಕ್ಕೆ ಕೆಲಸವೇ ಇಲ್ಲ. ಬಂಡೆಯ ಬದಿಗೆ ಹಾಯುವ ಕಾಲುದಾರಿಯೇ ಸರಿಯಾದ ವೀಕ್ಷಣಾ ತಾಣ. ಇದಕ್ಕೆ ತದ್ವಿರುದ್ಧ ಸ್ಪೇನಿನ ಲಾನ್ಸರೋಟೆ ದ್ವೀಪ. ಅಲ್ಲಿ 1730ರಿಂದ 1736ರವರೆಗೆ ಲಾವಾ ಉಕ್ಕಿ ಊರುಗಳನ್ನೇ ಮುಚ್ಚಿತು. ಆ ದ್ವೀಪದವನೇ ಆದ ಕಲಾವಿದ ಸೆಸಾರ್ ಮಾನ್ರಿಕೆ ರೂಪಿಸಿದ ಮಿರಾದೋರ್ ದೆಲ್ ರಿಯೋ ಎಂಬ ವೀಕ್ಷಣಾಲಯ 1973ರಲ್ಲಿ ತೆರೆಯಿತು. 470 ಮೀಟರಿಗೂ ಎತ್ತರದ ಕಡಿಬಂಡೆಯ ಅಂಚಿನಲ್ಲಿ, ಹಿಂದೆ ಫಿರಂಗಿ ನೆಲೆಯಿದ್ದ ಜಾಗದಲ್ಲಿ, ಕಟ್ಟಡವನ್ನು ಬೆಟ್ಟದೊಳಕ್ಕೆ ಹುದುಗಿಸಿದ್ದಾರೆ. ಹೊರಗೆ ಕಲ್ಲಿನ ಗೋಡೆ, ಒಳಗೆ ಹೋದ ಮೇಲೆ ದೊಡ್ಡ ಗಾಜಿನ ಕಿಟಕಿ, ಕೆಳಗೆ ಕಡಲು. ಹಾಗೆಂದು ಅದೇ ನಕ್ಷೆಯನ್ನು ಮಲ್ಪೆಗೆ ತಂದರೆ ತಪ್ಪಾಗುತ್ತದೆ. ಅಲ್ಲಿ ಹುದುಗಿಸಲು ಬೆಟ್ಟವಿದೆ, ಇಲ್ಲಿಲ್ಲ. ಅನುಸರಿಸಬೇಕಾದದ್ದು ಆ ಜಾಗವನ್ನು ಓದಿದ ಕ್ರಮವನ್ನು.

ಮಲ್ಪೆಗೆ ಗೋಪುರ ಬೇಡ, ತಗ್ಗಿನ ಕಟ್ಟೆ ಸಾಕು ಎಂಬ ಮಾತಿಗೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಜನ ಈಗಲೂ ಕಂಬಗಳ ಮೇಲೆ ಹತ್ತುತ್ತಾರೆ, ಅದಕ್ಕಿಂತ ಗೋಪುರ ವಾಸಿಯಲ್ಲವೇ ಎಂದು ಕೇಳಬಹುದು. ಹತ್ತುವುದನ್ನು ತಡೆಯಲು ಕಟ್ಟೆ ಬೇಕು ಎಂಬುದು ನಿಜ. ಆದರೆ ಅದು ದೂರದ ಎತ್ತರದಲ್ಲಿದ್ದರೆ ಕಂಬಗಳನ್ನು ಹತ್ತಿರದಿಂದ ಕಾಣುವ ಆಸೆ ತೀರದೆ ಜನ ಮತ್ತೆ ಕಲ್ಲಿಗೇ ಇಳಿಯುತ್ತಾರೆ. ತಗ್ಗಿನ ಕಟ್ಟೆ ಆ ಆಸೆಯನ್ನು ತೀರಿಸಿ ಕಾಲನ್ನು ಕಲ್ಲಿನಿಂದ ಆಚೆ ಇಡುತ್ತದೆ. ಎರಡನೆಯ ಆಕ್ಷೇಪ ಸುರಕ್ಷತೆಯದು. ಪಾಚಿ ಹಿಡಿದ ಕಲ್ಲು, ಅಲೆಯ ಹೊಡೆತ ಎರಡೂ ಜೀವಕ್ಕೆ ಅಪಾಯ. ಕಂಬಿಬೇಲಿ ಬೇಕೇ ಬೇಕು, ಅದರಲ್ಲಿ ರಾಜಿಯಿಲ್ಲ. ಆದರೆ ಸುರಕ್ಷತೆಗೆ ಗೋಪುರ ಬೇಕಿಲ್ಲ: ಮಟ್ಟಸವಾದ ಹಲಗೆದಾರಿಯಲ್ಲಿ ಮುದುಕರು, ಗಾಲಿಕುರ್ಚಿಯವರು, ಮಗುವನ್ನೆತ್ತಿಕೊಂಡ ತಾಯಿ ಎಲ್ಲರೂ ಹೋಗಬಲ್ಲರು, ಗೋಪುರದ ಮೆಟ್ಟಿಲು ಅವರನ್ನೆಲ್ಲ ಕೆಳಗೇ ನಿಲ್ಲಿಸುತ್ತದೆ. ಮೂರನೆಯದು ಆದಾಯದ್ದು: ಗಾಜಿನ ಸೇತುವೆಯಂಥ ಆಕರ್ಷಣೆಯಿದ್ದರೆ ಜನ ಬರುತ್ತಾರೆ, ದೋಣಿಯವರಿಗೆ ದುಡಿಮೆ ಸಿಗುತ್ತದೆ. ದೋಣಿಯವರ ದುಡಿಮೆ ಉಳಿಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಗಾಜಿನ ಸೇತುವೆಯನ್ನು ಯಾವ ಊರೂ ಕಟ್ಟಿಕೊಳ್ಳಬಹುದು. ಈ ಕಂಬಗಳನ್ನು ಯಾರೂ ಕಟ್ಟಲಾರರು. ಆ ದುಡಿಮೆ ಬಾಳುವುದು ಕಂಬಗಳು ಬಾಳಿದರೆ ಮಾತ್ರ.

ಕಾನೂನಿನ ಕಡೆಯಿಂದ ನೋಡಿದರೆ ಕಲ್ಲಿನ ಪಾಡು ದುರ್ಬಲ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯಡಿ ಸಂರಕ್ಷಿತವಾದ ಗುಡಿ ಕೋಟೆಗಳ ಸುತ್ತ, 2010ರ ತಿದ್ದುಪಡಿಯಂತೆ, 100 ಮೀಟರ್ ನಿಷೇಧಿತ ವಲಯವಿದೆ. ಭೂವೈಜ್ಞಾನಿಕ ಸ್ಮಾರಕವೆಂಬ ಬಿರುದು ತನ್ನಷ್ಟಕ್ಕೆ ಅಂಥ ವಲಯವನ್ನು ಕೊಡುವುದಿಲ್ಲ. ಇಂಥ ತಾಣಗಳ ರಕ್ಷಣೆಗಾಗಿ ಕೇಂದ್ರ ಗಣಿ ಸಚಿವಾಲಯ 2022ರಲ್ಲಿ ಕರಡು ಮಸೂದೆಯನ್ನು ಪ್ರಕಟಿಸಿದ್ದು ಈ ಕೊರತೆಯಿಂದಾಗಿಯೇ. ಕಾನೂನು ಇಲ್ಲದ ಕಡೆ ವಿನ್ಯಾಸಕಾರನ ವಿವೇಕವೇ ಕಾವಲು.

ನಮ್ಮ ಮಂಡ್ಯದ ನೆಲದಲ್ಲಿ ಇಂಥ ಲಾವಾ ಕಂಬಗಳಿಲ್ಲ. ಆದರೂ ಮಳವಳ್ಳಿ ತಾಲ್ಲೂಕಿನ ಗಗನಚುಕ್ಕಿ ಜಲಪಾತಕ್ಕೆ ಇದೇ ಪ್ರಶ್ನೆ ಅನ್ವಯಿಸುತ್ತದೆ. ಅಲ್ಲಿನದು ಗ್ನೈಸ್ ಬಂಡೆ. ಕಾವೇರಿ ಅದನ್ನು ಸೀಳಿದ ಬಗೆ ತಿಳಿಯುವುದು ಕಣಿವೆಯ ಎದುರು ದಡದಿಂದ. ಅಲ್ಲಿ ಮುಂದೆ ಏನೇ ಕಟ್ಟುವುದಾದರೂ ಅಂದಾಜುಪಟ್ಟಿಗೆ ಮೊದಲು ಭೂವಿಜ್ಞಾನಿಯ ವರದಿ ಇರಲಿ, ಆ ವರದಿಯನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಲಿ. ಇದನ್ನು ಕೇಳುವ ಹಕ್ಕು ಇಲ್ಲಿ ಕುಳಿತಿರುವ ಪ್ರತಿಯೊಬ್ಬರಿಗೂ ಇದೆ; ಕೇಳಬೇಕಾದ ಹೊಣೆಯೂ ನಮ್ಮದೇ.