ಇಕಾರಿಯಾ: ಒಂದು ದ್ವೀಪ ಶಾಂತವಾಗಿರುವುದಕ್ಕೆ ಕಾರಣಗಳು

(ಪ್ರವಾಸಾಸಕ್ತರ ಸಭೆಯೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



ಗ್ರೀಸ್ ದೇಶದ ದ್ವೀಪ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಕ್ಯಾಲೆಂಡರಿನ ಚಿತ್ರ. ಸುಣ್ಣ ಬಳಿದ ಮನೆಗಳು, ನೀಲಿ ಗುಮ್ಮಟದ ಚರ್ಚು, ಕೆಳಗೆ ಕಡಲು. ಆ ಚಿತ್ರ ಸಾಮಾನ್ಯವಾಗಿ ಸ್ಯಾಂಟೊರಿನಿ ದ್ವೀಪದ್ದು. ಬೇಸಿಗೆಯಲ್ಲಿ ಅಲ್ಲಿ ಒಂದೇ ದಿನ ಸಾವಿರಾರು ಪ್ರವಾಸಿಗಳು ದೊಡ್ಡ ಹಡಗುಗಳಿಂದ ಇಳಿಯುತ್ತಾರೆ. ಓಣಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನೂಕುನುಗ್ಗಲು ಎಷ್ಟಾಯಿತೆಂದರೆ, ಸ್ಯಾಂಟೊರಿನಿ ಮತ್ತು ಮಿಕೊನೊಸ್ ದ್ವೀಪಗಳಲ್ಲಿ ಇಳಿಯುವ ವಿಹಾರ ನೌಕೆಯ ಪ್ರವಾಸಿಗಳ ಮೇಲೆ ಗ್ರೀಕ್ ಸರ್ಕಾರ 2025ರಲ್ಲಿ ಬೇಸಿಗೆ ಋತುವಿಗೆ ತಲೆಗೆ 20 ಯೂರೋ ಶುಲ್ಕ ಹಾಕಬೇಕಾಯಿತು. ವಿಶ್ರಾಂತಿಗೆಂದು ಹೋದವರು ಅಲ್ಲಿ ಸರತಿಯಲ್ಲಿ ನಿಂತು ಬರುತ್ತಾರೆ.

ಅದೇ ಏಜಿಯನ್ ಸಮುದ್ರದ ಪೂರ್ವಕ್ಕೆ, ಟರ್ಕಿಯ ಕರಾವಳಿಗೆ ಹತ್ತಿರದಲ್ಲಿ, ಇಕಾರಿಯಾ ಎಂಬ ದ್ವೀಪವಿದೆ. ವಿಸ್ತೀರ್ಣ ಸುಮಾರು 255 ಚದರ ಕಿಲೋಮೀಟರ್. ಜನಸಂಖ್ಯೆ ಎಂಟು ಸಾವಿರದ ಆಸುಪಾಸು. ನಡುವೆ ಸಾವಿರ ಮೀಟರ್ ಎತ್ತರದ ಬೆಟ್ಟದ ಸಾಲು. ಸದ್ದುಗದ್ದಲವಿಲ್ಲದೆ ಹತ್ತು ದಿನ ಕಳೆಯಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಆದರೆ ಈ ದ್ವೀಪ ಇಷ್ಟು ಶಾಂತವಾಗಿರುವುದು ಏಕೆ? ಈ ಪ್ರಶ್ನೆ ಕೇಳಿಕೊಂಡರೆ ಪ್ರವಾಸದ ಅರ್ಥವೇ ಬೇರೆಯಾಗುತ್ತದೆ.

ಹೆಸರಿನಿಂದಲೇ ಆರಂಭಿಸೋಣ. ಕ್ರೀಟ್‌ನ ದೊರೆ ಮಿನೋಸನ ಸೆರೆಯಿಂದ ಪಾರಾಗಲು ಡೆಡಾಲಸ್ ಎಂಬ ಶಿಲ್ಪಿ ಗರಿ ಮತ್ತು ಮೇಣದಿಂದ ರೆಕ್ಕೆ ಕಟ್ಟಿದ ಕಥೆ ಹಲವರಿಗೆ ಗೊತ್ತಿರಬಹುದು. ಮಗ ಇಕಾರಸ್ ತಂದೆಯ ಮಾತು ಮೀರಿ ಸೂರ್ಯನ ಸಮೀಪಕ್ಕೆ ಹಾರಿದ. ಮೇಣ ಕರಗಿತು, ಹುಡುಗ ಕಡಲಿಗೆ ಬಿದ್ದ. ಅವನು ಬಿದ್ದದ್ದು ಇಲ್ಲಿನ ಕಡಲಿಗೆ ಎಂಬುದು ಪುರಾಣ. ಆತುರಪಟ್ಟು ಕೆಟ್ಟವನ ಹೆಸರನ್ನು ಹೊತ್ತ ನೆಲದಲ್ಲಿ ಇಂದು ಯಾರಿಗೂ ಆತುರವಿಲ್ಲ.

ಇನ್ನು ಇತಿಹಾಸ. ಶತಮಾನಗಳ ಕಾಲ ಈ ಕಡಲಲ್ಲಿ ಕಡಲ್ಗಳ್ಳರ ಹಾವಳಿ ವಿಪರೀತವಾಗಿತ್ತು. ದಡದಲ್ಲಿ ಊರು ಕಟ್ಟಿದರೆ ಲೂಟಿ ಖಚಿತ. ಹಾಗಾಗಿ ಇಕಾರಿಯಾದ ಜನ ಬೆಟ್ಟ ಹತ್ತಿ ಚದುರಿಹೋದರು. ದೊಡ್ಡ ಬಂಡೆಗಳ ಮರೆಯಲ್ಲಿ ಒರಟು ಕಲ್ಲಿನ ತಗ್ಗು ಮನೆಗಳನ್ನು ಕಟ್ಟಿಕೊಂಡರು. ಅವಕ್ಕೆ ಹೊಗೆಗೂಡು ಇರಲಿಲ್ಲ. ಒಲೆಯ ಹೊಗೆ ಒಂದೇ ಕಡೆ ಮೇಲೆದ್ದರೆ ಕಡಲಿನಿಂದ ಗುರುತು ಸಿಗುತ್ತದೆಂಬ ಭಯ. ಅದು ಮಾಡಿನ ಕಲ್ಲುಚಪ್ಪಡಿಗಳ ಸಂದಿಯಿಂದ ಸೋರಿಹೋಗಬೇಕಿತ್ತು. ಈ ಮನೆಗಳಲ್ಲಿ ಕೆಲವನ್ನು ಈಗಲೂ ನೋಡಬಹುದು. ಊರು ಇದೆಯೆಂದೇ ಹೊರಗಿನವರಿಗೆ ತಿಳಿಯಬಾರದು ಎನ್ನುವುದೇ ಆಗಿನ ಬದುಕಿನ ನಿಯಮ. ಇಂದಿನ ಪ್ರವಾಸಿ ಮೆಚ್ಚುವ ಮೌನ ಅಂದು ಜೀವ ಉಳಿಸಿಕೊಳ್ಳುವ ಉಪಾಯವಾಗಿತ್ತು.

1912ರ ಜುಲೈನಲ್ಲಿ ದ್ವೀಪದ ಜನ ದಂಗೆಯೆದ್ದು ಆಟೊಮನ್ ತುರ್ಕರ ಕಾವಲುಪಡೆಯನ್ನು ಹೊರಗಟ್ಟಿದರು. ಕೆಲವು ತಿಂಗಳು ಇಕಾರಿಯಾ ತನ್ನದೇ ಬಾವುಟ, ತನ್ನದೇ ಅಂಚೆಚೀಟಿ ಇದ್ದ ಸ್ವತಂತ್ರ ರಾಜ್ಯವಾಗಿತ್ತು. ಅದೇ ವರ್ಷದ ಕೊನೆಗೆ ಗ್ರೀಸ್‌ನೊಂದಿಗೆ ಸೇರಿತು. ಆದರೆ ಬಡತನ ಹೋಗಲಿಲ್ಲ. ಅನೇಕ ಕುಟುಂಬಗಳು ಅಮೆರಿಕಕ್ಕೆ ವಲಸೆ ಹೋದವು. ಎರಡನೆಯ ಮಹಾಯುದ್ಧದಲ್ಲಿ ಶತ್ರುಸೇನೆಯ ಆಕ್ರಮಣದ ಜತೆಗೆ ಕ್ಷಾಮವೂ ಬಂತು. ಹಸಿವಿನಿಂದ ಬಹಳ ಜನ ಸತ್ತರು.

ಅನಂತರದ್ದು ಅಂತರ್ಯುದ್ಧದ ಕಾಲ. ದೂರದ ದ್ವೀಪ ಎಂಬ ಕಾರಣಕ್ಕೇ ಸರ್ಕಾರಕ್ಕೆ ಇಕಾರಿಯಾ ನೆನಪಾಯಿತು. 1940ರ ದಶಕದ ಕೊನೆಯ ವರ್ಷಗಳಲ್ಲಿ ಸುಮಾರು 13,000 ಎಡಪಂಥೀಯರನ್ನು ಇಲ್ಲಿಗೆ ಗಡೀಪಾರು ಮಾಡಲಾಯಿತೆಂದು ಅಂದಾಜು. ಇದು ದ್ವೀಪದ ಇಂದಿನ ಜನಸಂಖ್ಯೆಗಿಂತ ಹೆಚ್ಚು! ಅವರಲ್ಲಿ ವೈದ್ಯರಿದ್ದರು, ಅಧ್ಯಾಪಕರಿದ್ದರು, ಕಲಾವಿದರಿದ್ದರು. ಮುಂದೆ 1964ರ ‘ಜೋರ್ಬಾ ದ ಗ್ರೀಕ್’ ಚಿತ್ರದ ಸಂಗೀತದಿಂದ ಜಗತ್ಪ್ರಸಿದ್ಧರಾದ ಮಿಕಿಸ್ ಥಿಯೊಡೊರಾಕಿಸ್ ಅವರೂ ಇಪ್ಪತ್ತರ ಹರೆಯದಲ್ಲಿ ಇಲ್ಲಿಗೆ ಬಂದವರೇ. ತಮಗೇ ಹೊಟ್ಟೆಗಿಲ್ಲದ ಹಳ್ಳಿಗರ ನಡುವೆ ಈ ಗಡೀಪಾರಾದವರು ಬಾಳಿದರು. ದ್ವೀಪಕ್ಕೆ ‘ಕೆಂಪು ಬಂಡೆ’ ಎಂಬ ಅಡ್ಡಹೆಸರು ಬಂದದ್ದರ ಹಿಂದೆ ಈ ಇತಿಹಾಸವಿದೆ. ಒಂದು ಕಾಲದಲ್ಲಿ ಶಿಕ್ಷೆಯಾಗಿದ್ದ ದೂರವೇ ಇಂದು ನಾವು ಹಣ ಕೊಟ್ಟು ಪಡೆಯುವ ಸುಖ. ಎಂಥ ವಿಪರ್ಯಾಸ ನೋಡಿ!

ಇಷ್ಟೆಲ್ಲ ಕಷ್ಟದ ನಡುವೆ ಜನ ಕಲಿತದ್ದೇನು? ಗಡಿಯಾರವನ್ನು ಯಜಮಾನನನ್ನಾಗಿ ಮಾಡಿಕೊಳ್ಳದಿರುವುದು ಮತ್ತು ಇದ್ದದ್ದನ್ನು ಹಂಚಿಕೊಳ್ಳುವುದು. ಬೆಟ್ಟದ ಮೇಲಿನ ಕ್ರಿಸ್ಟೋಸ್ ರಾಹೆಸ್ ಎಂಬ ಹಳ್ಳಿಯಲ್ಲಿ ಅಂಗಡಿಗಳು ಹಗಲಿಡೀ ಮುಚ್ಚಿದ್ದು ರಾತ್ರಿ ತೆರೆಯುವುದು ಹಳೆಯ ರೂಢಿ. ಹಗಲು ಹೊಲ-ತೋಟದ ಕೆಲಸ, ಮಧ್ಯಾಹ್ನ ನಿದ್ದೆ, ಕತ್ತಲಾದ ಮೇಲೆ ವ್ಯಾಪಾರ. ಬೇಸಿಗೆಯಲ್ಲಿ ಊರೂರಿಗೆ ‘ಪಾನಿಗಿರಿ’ ಎಂಬ ಸಂತರ ಜಾತ್ರೆ ನಡೆಯುತ್ತದೆ. ಮೇಕೆ ಮಾಂಸ, ಊರಿನ ದ್ರಾಕ್ಷಾರಸ, ಬೆಳಗಿನವರೆಗೆ ಹೆಗಲಿಗೆ ಕೈಯಿಟ್ಟು ಕುಣಿತ. ಊಟ ಮತ್ತು ಮದ್ಯದ ಮಾರಾಟದಿಂದ ಬಂದ ಹಣ ರಸ್ತೆ, ಚರ್ಚು ಮುಂತಾದ ಊರ ಕೆಲಸಕ್ಕೆ ಹೋಗುತ್ತದೆ. ಅತಿಥಿಯೂ ಆ ಲೆಕ್ಕದಲ್ಲಿ ಪಾಲುದಾರ.

ಇಲ್ಲಿನವರು ದೀರ್ಘಾಯುಷಿಗಳೆಂಬ ಖ್ಯಾತಿಯೂ ಇದೆ. ಅಥೆನ್ಸ್ ವಿಶ್ವವಿದ್ಯಾಲಯದ ವೈದ್ಯರು 2009ರಲ್ಲಿ ದ್ವೀಪದ ವೃದ್ಧರನ್ನು ಅಧ್ಯಯನ ಮಾಡಿದಾಗ ಕಂಡದ್ದು ತರಕಾರಿ, ಕಾಳು, ಆಲಿವ್ ಎಣ್ಣೆಯ ಊಟ, ಬೆಟ್ಟದ ದಾರಿಯಲ್ಲಿ ನಿತ್ಯದ ನಡಿಗೆ, ಮಧ್ಯಾಹ್ನದ ನಿದ್ದೆ. 2007ರಲ್ಲಿ ಪ್ರಕಟವಾದ, 23,000ಕ್ಕೂ ಹೆಚ್ಚು ಗ್ರೀಕರನ್ನು ಒಳಗೊಂಡ ಮತ್ತೊಂದು ಅಧ್ಯಯನದಲ್ಲಿ, ವಾರಕ್ಕೆ ಮೂರು ಬಾರಿಯಾದರೂ ಅರ್ಧ ಗಂಟೆ ಹಗಲು ನಿದ್ದೆ ಮಾಡುವವರಲ್ಲಿ ಹೃದ್ರೋಗದ ಸಾವು ಶೇ. 37ರಷ್ಟು ಕಡಿಮೆ ಕಂಡುಬಂತು. ಇದು ಹೋಲಿಕೆಯ ಲೆಕ್ಕ. ನಿದ್ದೆಯೇ ಔಷಧಿ ಎಂದು ಇದರಿಂದ ಸಾಬೀತಾಗುವುದಿಲ್ಲ. ದೀರ್ಘಾಯುಷಿಗಳ ವಯಸ್ಸಿನ ದಾಖಲೆಗಳನ್ನೇ ಪ್ರಶ್ನಿಸುವ ಸಂಶೋಧಕರೂ ಇದ್ದಾರೆ. ಹಾಗಾಗಿ ಹತ್ತು ದಿನ ಇಕಾರಿಯಾದಲ್ಲಿದ್ದರೆ ಹತ್ತು ವರ್ಷ ಆಯುಸ್ಸು ಹೆಚ್ಚುತ್ತದೆಂದು ನಂಬಿ ಯಾರೂ ಹೊರಡಬೇಡಿ.

ಹೊರಡುವುದಾದರೆ ಕೆಲವು ವಿಷಯ ತಿಳಿದಿರಲಿ. ಅಥೆನ್ಸ್ ಬಳಿಯ ಪಿರೇಯಸ್ ಬಂದರಿನಿಂದ ಹಡಗಿನಲ್ಲಿ ಏಳೆಂಟು ಗಂಟೆಗೂ ಮೀರಿದ ಪಯಣ. 1995ರಲ್ಲಿ ಆರಂಭವಾದ ಚಿಕ್ಕ ವಿಮಾನ ನಿಲ್ದಾಣವೂ ಇದೆ. ಜುಲೈ, ಆಗಸ್ಟ್‌ನಲ್ಲಿ ಉತ್ತರದಿಂದ ‘ಮೆಲ್ತೆಮಿ’ ಎಂಬ ಬಿರುಗಾಳಿ ಬೀಸುತ್ತದೆ. ಗಾಳಿ ಜೋರಾದರೆ ಹಡಗು ನಿಲ್ಲುತ್ತದೆ. ಆದ್ದರಿಂದ ಊರಿಗೆ ಮರಳುವ ವಿಮಾನಕ್ಕೆ ಮುಂಚೆ ಎರಡು ದಿನ ಕೈಯಲ್ಲಿಟ್ಟುಕೊಳ್ಳಿ. ಮೇ ಅಥವಾ ಸೆಪ್ಟೆಂಬರ್ ಹಿತಕರ. ಥೆರ್ಮಾ ಎಂಬ ಊರಿನಲ್ಲಿ ಪ್ರಾಚೀನ ಕಾಲದಿಂದ ಹೆಸರಾದ ಬಿಸಿನೀರಿನ ಬುಗ್ಗೆಗಳಿವೆ. ಆ ನೀರಿನಲ್ಲಿ ರೇಡಾನ್ ಅಂಶ ಇರುವುದರಿಂದ ವೈದ್ಯರನ್ನು ಕೇಳಿಯೇ ಇಳಿಯುವುದು ಒಳ್ಳೆಯದು. ಪಶ್ಚಿಮದ ನಾಸ್ ಎಂಬಲ್ಲಿ, ಕಡಲ ದಡದಲ್ಲೇ ಆರ್ಟೆಮಿಸ್ ದೇವತೆಯ ಗುಡಿಯ ಅವಶೇಷವಿದೆ.

ಒಂದು ಮಾತು ಹೇಳಿ ಮುಗಿಸುತ್ತೇನೆ. ಸ್ಯಾಂಟೊರಿನಿಯನ್ನು ಕೆಡಿಸಬೇಕೆಂದು ಯಾವ ಪ್ರವಾಸಿಯೂ ಬಯಸಿರಲಿಲ್ಲ. ಪ್ರತಿಯೊಬ್ಬರೂ ತಮ್ಮ ಅವಸರವನ್ನು ಜತೆಗೆ ತಂದರು, ಅಷ್ಟೆ. ಇಕಾರಿಯಾದ ಶಾಂತಿ ಅಲ್ಲಿನವರು ಭಯದಲ್ಲಿ, ಹಸಿವಿನಲ್ಲಿ, ಗಡೀಪಾರಾದವರೊಡನೆ ರೊಟ್ಟಿ ಹಂಚಿಕೊಂಡ ದಿನಗಳಲ್ಲಿ ಉಳಿಸಿಕೊಂಡ ಆಸ್ತಿ. ಅಲ್ಲಿಗೆ ಹೋದಾಗ ಮಧ್ಯಾಹ್ನ ಅಂಗಡಿ ಮುಚ್ಚಿದ್ದರೆ ಬಾಗಿಲು ತಟ್ಟಬೇಡಿ. ಮರದ ನೆರಳಿನಲ್ಲಿ ಕುಳಿತಿರಿ. ಕತ್ತಲಾದ ಮೇಲೆ ಅವರೇ ತೆರೆಯುತ್ತಾರೆ.