ಮೀಲ್ ಮೇಕರ್ ಮತ್ತು ಗಂಡಸರ ಅಂಜಿಕೆ



ನಮ್ಮ ಗಿಣಿಗೇರಾ ಊರಿನ ಸುತ್ತ ಫ್ಯಾಕ್ಟರಿಗಳು ಎದ್ದ ಮೇಲೆ ಬಾಡಿಗೆ ರೂಮುಗಳೂ ಎದ್ದವು. ಪಾಳಿ ಮುಗಿಸಿ ಬಂದ ಹುಡುಗರು ಕುಕ್ಕರ್ ಇಟ್ಟು, ಅನ್ನದೊಳಗೆ ಒಂದು ಹಿಡಿ ಮೀಲ್ ಮೇಕರ್, ಅಂದರೆ ಸೋಯಾದ ಒಣ ಉಂಡೆ, ಹಾಕುತ್ತಾರೆ. ಅಗ್ಗ, ಕೆಡುವುದಿಲ್ಲ, ತೂಕದ ಅರ್ಧದಷ್ಟು ಪ್ರೋಟೀನು. ಆದರೆ ಅವರ ಮೊಬೈಲಿಗೆ ಬರುವ ವಿಡಿಯೊ ಬೇರೆಯೇ ಹೇಳುತ್ತದೆ: ಸೋಯಾ ತಿಂದರೆ ಗಂಡಸುತನ ಹೋಗುತ್ತದೆ, ಎದೆ ಬೆಳೆಯುತ್ತದೆ. ಕಡಲೆ, ಹೆಸರು, ಮಡಕಿಯ ಮೇಲೆ ಇಲ್ಲದ ಅಪವಾದ ಸೋಯಾದ ಮೇಲೆ ಮಾತ್ರ ಏಕೆ?

ಈ ಅಂಜಿಕೆ ಶುರುವಾದದ್ದು ಕುರಿಗಳಿಂದ. ನಿಮ್ಮಲ್ಲಿ ಕುರಿ ಸಾಕುವವರಿದ್ದೀರಿ, ಈ ಸಂಗತಿ ನಿಮಗೆ ಬೇಗ ತಿಳಿಯುತ್ತದೆ. 1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಹೆಣ್ಣು ಕುರಿಗಳು ಗಬ್ಬ ಕಟ್ಟದಾದವು, ಕಟ್ಟಿದರೂ ಈಯಲು ಒದ್ದಾಡಿದವು. ರೋಗ ಹುಡುಕಿದರು, ಸಿಗಲಿಲ್ಲ. ಕೊನೆಗೆ ಗೊತ್ತಾದದ್ದು, ದೋಷ ಮೇವಿನಲ್ಲಿತ್ತು. ಅವು ತಿಂಗಳುಗಟ್ಟಲೆ ಮೇಯುತ್ತಿದ್ದುದು ಕ್ಲೋವರ್ ಎಂಬ ಸೊಪ್ಪು, ನಮ್ಮ ಬೇಳೆಕಾಳುಗಳ ಬಳಗದ್ದೇ. ಅದರ ಎಲೆಯಲ್ಲಿ ಫಾರ್ಮೊನೊನೆಟಿನ್ ಎಂಬ ವಸ್ತು ಇತ್ತು. ಕುರಿಯ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಅದನ್ನು ಈಕ್ವಾಲ್ ಆಗಿ ಮಾರ್ಪಡಿಸುತ್ತಿದ್ದವು. ಈಕ್ವಾಲ್ ನೋಡಲು ಹೆಣ್ಣಿನ ಹಾರ್ಮೋನು ಈಸ್ಟ್ರೋಜನ್ ಹಾಗೆಯೇ. ಕುರಿಗಳ ಈ ತೊಂದರೆಯ ವರದಿ 1946ರಲ್ಲಿ ಅಚ್ಚಾಯಿತು. ಸಸ್ಯದೊಳಗಿನ ಈಸ್ಟ್ರೋಜನ್ ಎಂಬ ಮಾತಿಗೆ ಬಲ ಬಂದದ್ದು ಅಲ್ಲಿಂದ.

ಸೋಯಾದಲ್ಲಿ ಇದೇ ಕುಲದ ಜೆನಿಸ್ಟೀನ್, ಡೈಡ್ಜೀನ್ ಇವೆ. ಇವನ್ನು ಒಟ್ಟಾಗಿ ಐಸೋಫ್ಲೇವೋನ್ ಅನ್ನುತ್ತಾರೆ. ಒಣ ಸೋಯಾ ಕಾಳಿನ ನೂರು ಗ್ರಾಮಿನಲ್ಲಿ ಸುಮಾರು 150 ಮಿಲಿಗ್ರಾಂ, ತಳಿ ಮತ್ತು ಹವೆ ನೋಡಿ ಹೆಚ್ಚುಕಮ್ಮಿ. ನಮ್ಮ ಯಲಬುರ್ಗಾ, ಕುಷ್ಟಗಿ ಎರಿ ಹೊಲದ ಕಡಲೆ ತಗೊಳ್ಳಿ, ತೊಗರಿ ತಗೊಳ್ಳಿ, ಹೆಸರು ತಗೊಳ್ಳಿ, ಒಂದೆರಡು ಮಿಲಿಗ್ರಾಂ ದಾಟುವುದೂ ಕಷ್ಟ. ಹತ್ತು ಹೆಸರುಕಾಳಿನ ಪಲ್ಯ ಸೇರಿದರೂ ಒಂದು ಸೋಯಾ ಪಲ್ಯಕ್ಕೆ ಸಮವಾಗುವುದಿಲ್ಲ. ಹೀಗಾಗಿ ಸೋಯಾವನ್ನು ಬೇರೆ ಕಾಳುಗಳಿಂದ ಬೇರೆ ಮಾಡಿ ನೋಡುವುದರಲ್ಲಿ ತಪ್ಪಿಲ್ಲ.

ಆದರೆ ಇರುವುದು ಬೇರೆ, ಕೆಲಸ ಮಾಡುವುದು ಬೇರೆ. ಈಸ್ಟ್ರೋಜನ್ ಹೋಗಿ ಕೂಡುವ ಗ್ರಾಹಕಗಳು ನಮ್ಮ ಜೀವಕೋಶಗಳಲ್ಲಿ ಎರಡು ಬಗೆ, ಆಲ್ಫಾ ಮತ್ತು ಬೀಟಾ. ಐಸೋಫ್ಲೇವೋನು ಹೆಚ್ಚಾಗಿ ಹಿಡಿಯುವುದು ಬೀಟಾವನ್ನು, ಅದೂ ಸಡಿಲವಾಗಿ. ಗೌಡರ ಕುರ್ಚಿಯಲ್ಲಿ ಕೂತವರೆಲ್ಲ ಗೌಡಕಿ ಮಾಡಲಾರರು. ಮೇಲಾಗಿ ಕುರಿ ದಿನವಿಡೀ ಕ್ಲೋವರನ್ನೇ ಮೇಯುತ್ತಿತ್ತು, ಅದರ ಹೊಟ್ಟೆ ಈಕ್ವಾಲ್ ತಯಾರಿಸುವುದರಲ್ಲಿ ನಿಪುಣ. ಮನುಷ್ಯರಲ್ಲಿ ಏಷ್ಯಾದವರ ಪೈಕಿ ಅರ್ಧದಷ್ಟು ಜನರ ಕರುಳು ಮಾತ್ರ ಅದನ್ನು ಮಾಡಬಲ್ಲದು, ಪಶ್ಚಿಮದವರಲ್ಲಿ ಇನ್ನೂ ಕಡಿಮೆ.

ಗಂಡಸರ ಮಾತಿಗೆ ಬರೋಣ. 2008ರಲ್ಲಿ ಅಮೆರಿಕದ ಅರವತ್ತರ ಒಬ್ಬ ವ್ಯಕ್ತಿಗೆ ನಿಜಕ್ಕೂ ಎದೆ ಬೆಳೆದ ವರದಿ ಬಂತು. ವಿಡಿಯೊಗಳು ಇದನ್ನು ಹೇಳುತ್ತವೆ, ಆತ ದಿನಕ್ಕೆ ಹತ್ತಿರ ಹತ್ತಿರ ಮೂರು ಲೀಟರು ಸೋಯಾ ಹಾಲು ಕುಡಿಯುತ್ತಿದ್ದ ಅನ್ನುವುದನ್ನು ನುಂಗಿಬಿಡುತ್ತವೆ. ಬಿಟ್ಟ ಮೇಲೆ ಹಾರ್ಮೋನು ಮೆಲ್ಲಗೆ ಮಟ್ಟಕ್ಕೆ ಬಂತು. 2021ರಲ್ಲಿ 41 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು: ಗಂಡಸರ ಟೆಸ್ಟೋಸ್ಟೆರಾನಾಗಲಿ ಈಸ್ಟ್ರೋಜನ್ನಾಗಲಿ ಸೋಯಾದಿಂದ ಏರಿಳಿದಿರಲಿಲ್ಲ. ನಮ್ಮ ಹುಡುಗರ ಲೆಕ್ಕ ನೋಡಿ. ಐವತ್ತು ಗ್ರಾಂ ಒಣ ಮೀಲ್ ಮೇಕರನ್ನು ಬಿಸಿನೀರಿಗೆ ಹಾಕಿದರೆ ಉಬ್ಬಿ ದೊಡ್ಡ ಬಟ್ಟಲು ತುಂಬುತ್ತದೆ. ನೊರೆ ನೀರು ಹಿಂಡಿ ಮಸಾಲೆಗೆ ಹಾಕಿದರೆ ಒಬ್ಬನಿಗೆ ಹೊಟ್ಟೆ ತುಂಬ. ಅದರಲ್ಲಿರುವ ಐಸೋಫ್ಲೇವೋನು, ಜಪಾನಿನವರು ದಿನದ ಊಟದಲ್ಲಿ ತಿನ್ನುವುದಕ್ಕಿಂತ ಹೆಚ್ಚಿರಬಹುದು, ಅಷ್ಟೇ. ಇನ್ನು ಪ್ಯಾಕೆಟ್ಟಿನ ಸೋಯಾ ಎಣ್ಣೆಗೆ ಹೆದರುವವರಿದ್ದಾರೆ. ಐಸೋಫ್ಲೇವೋನು ಹಿಂಡಿಯಲ್ಲೇ ಉಳಿಯುತ್ತದೆ, ಎಣ್ಣೆಗೆ ಬರುವುದೇ ಇಲ್ಲ ಅನ್ನಬಹುದು.

ಹಿಂಡಿ ಅಂದ ಕೂಡಲೇ ನೆನಪಾಯಿತು. ನಮ್ಮ ಅಗಸಿ ಹಿಂಡಿ! ಅಗಸಿ ಹುರಿದು, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಕುಟ್ಟಿ, ಎಣ್ಣೆ ಕಲಸಿ ರೊಟ್ಟಿಗೆ ಹಚ್ಚುತ್ತೀರಲ್ಲ, ಅದರಲ್ಲಿ ಲಿಗ್ನಾನ್ ಎಂಬ ಇನ್ನೊಂದು ಬಗೆಯ ಸಸ್ಯ ಈಸ್ಟ್ರೋಜನ್ ಇದೆ. ಲಿಗ್ನಾನಿನಲ್ಲಿ ಅಗಸಿಯನ್ನು ಮೀರಿಸುವ ಆಹಾರ ಸಿಗುವುದು ಕಷ್ಟ. ಅಗಸಿ ತಿಂದ ಅಜ್ಜಂದಿರು ಹೊಲ ಉಳುತ್ತಿದ್ದರು, ಮಕ್ಕಳನ್ನೂ ಹಡೆದರು. ಇದನ್ನು ಪುರಾವೆ ಅನ್ನಲಾರೆ. ಸೋಯಾಕ್ಕೆ ಮಾತ್ರ ಅಂಜುವವರಿಗೆ ಕೇಳಬೇಕಾದ ಪ್ರಶ್ನೆ ಅದು.

ಹೆಂಗಸರಿಗೆ ಸೋಯಾದಿಂದ ಕೊಂಚ ಉಪಕಾರವೂ ಉಂಟು. ಮುಟ್ಟು ನಿಲ್ಲುವ ಕಾಲದಲ್ಲಿ ಮೈ ಒಮ್ಮೆಲೇ ಬಿಸಿಯೇರಿ ಬೆವರುವುದು ಐಸೋಫ್ಲೇವೋನಿನಿಂದ ಐದರಲ್ಲಿ ಒಂದು ಪಾಲಿನಷ್ಟು ತಗ್ಗಿದ್ದು ಕಂಡಿದೆ. ಸ್ತನ ಕ್ಯಾನ್ಸರಿನಿಂದ ಬದುಕಿಬಂದ ಶಾಂಘೈನ ಐದು ಸಾವಿರ ಹೆಂಗಸರನ್ನು ಹಿಂಬಾಲಿಸಿದ ಅಧ್ಯಯನ 2009ರಲ್ಲಿ ಬಂತು; ಸೋಯಾ ತಿಂದವರಲ್ಲಿ ರೋಗ ಮರುಕಳಿಸಿದ್ದು ಕಡಿಮೆ. ಆದರೆ ಅಂಗಡಿಯ ಐಸೋಫ್ಲೇವೋನ್ ಮಾತ್ರೆ ಊಟವಲ್ಲ, ಅದನ್ನು ಡಾಕ್ಟರಿಗೆ ಕೇಳದೆ ನುಂಗಬೇಡಿ.

ನಿಜವಾದ ಎಚ್ಚರ ಬೇಕಾದದ್ದು ಥೈರಾಯ್ಡ್ ವಿಷಯದಲ್ಲಿ, ಅದನ್ನು ಯಾವ ವಿಡಿಯೊವೂ ಹೇಳುವುದಿಲ್ಲ. ಅಯೋಡಿನ್ ಸೇರಿಸದ ಸೋಯಾ ಹಾಲಿನ ಪುಡಿ ಕುಡಿದ ಕೂಸುಗಳಿಗೆ ಹಿಂದೆ ಗಳಗಂಡ ಬಂದದ್ದುಂಟು. ಅಯೋಡಿನ್ ಸೇರಿಸಿದ ಮೇಲೆ ಆ ತೊಂದರೆ ನಿಂತಿತು. ಥೈರಾಯ್ಡ್ ಗುಳಿಗೆ ತಗೊಳ್ಳುವ ತಾಯಂದಿರಿಗೆ ಸೋಯಾ ಬೇರೊಂದು ತೊಡಕು ಮಾಡುತ್ತದೆ, ಕರುಳಿನಲ್ಲಿ ಗುಳಿಗೆ ಸರಿಯಾಗಿ ಮೈಗೆ ಹತ್ತಲು ಬಿಡುವುದಿಲ್ಲ. ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಗುಳಿಗೆ ನುಂಗಿ, ಸೋಯಾ ಪಲ್ಯವನ್ನು ಮಧ್ಯಾಹ್ನಕ್ಕೋ ರಾತ್ರಿಗೋ ಇಟ್ಟುಕೊಳ್ಳಿ. ದಿನಾ ತಿನ್ನುವವರಾದರೆ ಮುಂದಿನ ರಕ್ತ ತಪಾಸಣೆಗೆ ಹೋದಾಗ ಡಾಕ್ಟರಿಗೆ ಅದನ್ನು ಹೇಳಿ, ಗುಳಿಗೆಯ ಪ್ರಮಾಣ ಬದಲಿಸಬೇಕಾದೀತು.